ಹೊಳಪು ಯಾರದು, ಹೊಗೆ ಯಾರದು

ಮಡಕೆಗೆ ಮೆರುಗು ಕೊಡುವ ವಿಧಾನಗಳು ಹಲವಿದ್ದರೂ ಹೆಚ್ಚಿನವುಗಳ ಕ್ರಮ ಒಂದೇ: ಕರಗಿ ಗಾಜಾಗಬಲ್ಲ ಖನಿಜಗಳನ್ನು ನುಣ್ಣಗೆ ಅರೆದು ನೀರಿನಲ್ಲಿ ಕದಡಿ, ಮಡಕೆಯನ್ನು ಅದರಲ್ಲಿ ಅದ್ದಿಯೋ ಅದರ ಮೇಲೆ ಸುರಿದೋ ಲೇಪ ಕೊಟ್ಟು, ಆಮೇಲೆ ಸುಡಲಾಗುತ್ತದೆ. ಈ ಕ್ರಮಕ್ಕೆ ಹೊರತಾದವುಗಳಲ್ಲಿ ಉಪ್ಪುಮೆರುಗು ಮುಖ್ಯವಾದುದು. ಅಲ್ಲಿ ಮಡಕೆ ಹೊರಮೈಗೆ ಯಾವ ಲೇಪವೂ ಇಲ್ಲದೆ ಆವಿಗೆಯನ್ನು ಸೇರುತ್ತದೆ. ಆವಿಗೆ ಕಾದು 1250 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಬಂದಾಗ, ಅಡುಗೆಗೆ ಬಳಸುವಂಥ ಕಲ್ಲುಪ್ಪನ್ನೇ ಹಿಡಿಹಿಡಿಯಾಗಿ ಒಲೆಬಾಯಿಗೆ ಎಸೆಯಲಾಗುತ್ತದೆ. ಉಪ್ಪು ಹಬೆಯಾಗಿ, ಜ್ವಾಲೆಯ ಜೊತೆಯಲ್ಲಿ ಹರಿದು, ತಗುಲಿದ ಕಡೆಯಲ್ಲೆಲ್ಲ ಮಣ್ಣನ್ನು ಗಾಜಾಗಿಸುತ್ತದೆ. ಆವಿಗೆಯ ಬಾಗಿಲಿಗೆ ಇಟ್ಟಿಗೆ ಇಟ್ಟು ಮುಚ್ಚಿದ ಗಳಿಗೆಯಿಂದ ಅದನ್ನು ಮತ್ತೆ ತೆರೆಯುವವರೆಗೆ ಕುಂಬಾರನ ಕೈ ಮಡಕೆಯನ್ನು ಮುಟ್ಟುವುದಿಲ್ಲ, ಮುಟ್ಟಲಾಗುವುದೂ ಇಲ್ಲ. ಹಾಗಿದ್ದ ಮೇಲೆ ಆ ಹೊಳಪನ್ನು ಯಾರದೆಂದು ಹೇಳಬೇಕು? ಕಾರ್ಯಕಾರಣಗಳ ಚರ್ಚೆ ಬಂದಾಗಲೆಲ್ಲ ಭಾರತೀಯ ದಾರ್ಶನಿಕರು ಮಣ್ಣು, ಮಡಕೆ, ಕುಂಬಾರ ಎಂಬ ಮೂರನ್ನು ಮುಂದಿಟ್ಟುಕೊಂಡೇ ಮಾತಾಡಿದ್ದಾರೆ. ಆದರೆ ಆ ಉದಾಹರಣೆಯ ಕುಂಬಾರ ಬಹುಮಟ್ಟಿಗೆ ತಿಗುರಿಯ ಮುಂದೆ ಕುಳಿತವನು, ಕೈಗೆ ಮಣ್ಣು ಮೆತ್ತಿಕೊಂಡವನು. ಅವನನ್ನು ಎಬ್ಬಿಸಿ ಉಪ್ಪಿನ ಆವಿಗೆಯ ಮುಂದೆ ನಿಲ್ಲಿಸಿದರೆ ಕರ್ತೃತ್ವದ ಪ್ರಶ್ನೆ ಅಷ್ಟು ಸರಳವಾಗಿ ಉಳಿಯುವುದಿಲ್ಲ.

ಮೊದಲು ಆವಿಗೆಯೊಳಗೆ ನಡೆಯುವುದೇನೆಂದು ನೋಡಬೇಕು. ಉಪ್ಪೆಂಬುದು ಸೋಡಿಯಂ ಮತ್ತು ಕ್ಲೋರಿನ್ ಎಂಬ ಎರಡು ಧಾತುಗಳು ಬೆಸೆದುಕೊಂಡ ವಸ್ತು. 801 ಡಿಗ್ರಿಯಲ್ಲಿ ಕರಗುವ ಈ ವಸ್ತು 1200 ಡಿಗ್ರಿ ದಾಟಿದ ಉರಿಯೊಳಗೆ ಬಿದ್ದೊಡನೆ ಚಟಪಟ ಸಿಡಿದು ಹಬೆಯಾಗತೊಡಗುತ್ತದೆ. ಸೌದೆಯ ಉರಿಯಿಂದಲೂ, ಉಪ್ಪನ್ನು ಬೇಕೆಂದೇ ಒದ್ದೆ ಮಾಡಿದ್ದರೆ ಅದರಿಂದಲೂ ಬಂದ ನೀರಾವಿ ಆ ಹಬೆಯನ್ನು ಒಡೆಯುತ್ತದೆ: ಕ್ಲೋರಿನ್ ನೀರಿನ ಜಲಜನಕವನ್ನು ಹಿಡಿದು ಹೈಡ್ರೋಕ್ಲೋರಿಕ್ ಆಮ್ಲದ ಅನಿಲವಾಗಿ ಚಿಮಣಿಯ ದಾರಿ ಹಿಡಿಯುತ್ತದೆ, ಸೋಡಿಯಂ ಆಮ್ಲಜನಕದೊಡನೆ ಕೂಡಿ ಮಡಕೆಯ ಮೈಗೆ ಹತ್ತುತ್ತದೆ. ಜೇಡಿಮಣ್ಣಿನಲ್ಲಿ ಮರಳಿನ ಸಾರವಾದ ಸಿಲಿಕಾ ಇರುತ್ತದೆ. ಅದು ತಾನಾಗಿ ಕರಗಬೇಕಾದರೆ 1700 ಡಿಗ್ರಿಗೂ ಮಿಗಿಲಾದ ಶಾಖ ಬೇಕು, ಆದರೆ ಸೋಡಿಯಂ ಬೆರೆತರೆ ಅದಕ್ಕಿಂತ ಬಹಳ ಕಡಿಮೆ ಶಾಖದಲ್ಲಿಯೇ, ಮಣ್ಣಿನ ಅಲ್ಯುಮಿನಾವನ್ನೂ ಸೇರಿಸಿಕೊಂಡು, ಗಟ್ಟಿಯಾದ ಗಾಜಾಗುತ್ತದೆ. ಹೀಗಾಗಿ ಉಪ್ಪುಮೆರುಗು ಮಡಕೆಗೆ ತೊಡಿಸಿದ ಅಂಗಿಯಲ್ಲ. ಅದರ ಹೆಚ್ಚಿನ ಪಾಲು ಮಡಕೆಯ ಸ್ವಂತ ಚರ್ಮವೇ ಕರಗಿ ಆದದ್ದು. ಕಿತ್ತಳೆಹಣ್ಣಿನ ಸಿಪ್ಪೆಯಂತೆ ಸಣ್ಣ ಸಣ್ಣ ಗುಳಿಗಳಿಂದ ಕೂಡಿದ ಅದರ ಮೇಲ್ಮೈ, ಮಣ್ಣಿನಲ್ಲಿರುವ ಕಬ್ಬಿಣಕ್ಕೆ ತಕ್ಕಂತೆ ಬೂದಿಯಿಂದ ಕಂದಿನವರೆಗೆ ಬದಲಾಗುವ ಅದರ ಬಣ್ಣ, ಎರಡೂ ಈ ಕಾರಣದಿಂದಲೇ ಬಂದವು. ಭಾರತೀಯ ಮಾನಕ 651ರಲ್ಲಿ ನಮೂದಾಗಿರುವ, ಊರೂರ ಹಳೆಯ ಒಳಚರಂಡಿಗಳಲ್ಲಿ ಇಂದಿಗೂ ಹೂತಿರುವ ಕಂದುಬಣ್ಣದ ಸ್ಟೋನ್‌ವೇರ್ ಪೈಪುಗಳನ್ನು ಕಂಡವರು ಈ ಹೊಳಪನ್ನು ಹೆಸರು ತಿಳಿಯದೆಯೇ ಕಂಡಿದ್ದಾರೆ.

ಹಬೆ ಎಲ್ಲಿಗೆ ಹೋಗುತ್ತದೆ ಎಂಬುದು ಜ್ವಾಲೆ ಎಲ್ಲಿಗೆ ಹೋಗುತ್ತದೆ ಎಂಬುದನ್ನೇ ಅವಲಂಬಿಸಿದೆ. ಜ್ವಾಲೆಯ ಸ್ವಭಾವ ಮೇಲಕ್ಕೇರುವುದು; ಹಳೆಯ ಕಾಲದ ಬಹುಪಾಲು ಆವಿಗೆಗಳು ಆ ಸ್ವಭಾವವನ್ನೇ ನಂಬಿ ಕೆಳಗೆ ಉರಿ, ನಡುವೆ ಮಡಕೆ, ಮೇಲೆ ಹೊಗೆಕಿಂಡಿ ಎಂಬ ಕ್ರಮದಲ್ಲಿ ಕಟ್ಟಿದವು, ಹಾಗಾಗಿ ಅವುಗಳಲ್ಲಿ ತಳದ ಮಡಕೆ ಅತಿಯಾಗಿ ಬೆಂದು ತುದಿಯದು ಅರೆಬೆಂದಿರುವುದು ಸಾಮಾನ್ಯವಾಗಿತ್ತು. ಕುಶಲಕರ್ಮಿಗಳು ಡೌನ್‌ಡ್ರಾಫ್ಟ್ ಎಂದು ಕರೆಯುವ, ಕನ್ನಡದಲ್ಲಿ ಇಳಿಜ್ವಾಲೆಯ ಆವಿಗೆ ಎನ್ನಬಹುದಾದ ರಚನೆ ಆ ಸ್ವಭಾವವನ್ನು ಮುರಿಯದೆ ಬಾಗಿಸುತ್ತದೆ. ಒಲೆಬಾಯಿಯಿಂದ ಒಳಬಂದ ಜ್ವಾಲೆಗೆ ಎದುರಾಗಿ ಇಟ್ಟಿಗೆಯ ಗಿಡ್ಡ ತಡೆಗೋಡೆಯೊಂದಿರುತ್ತದೆ; ಜ್ವಾಲೆ ಅದನ್ನು ಹತ್ತಿ ಕಮಾನಿನ ಛಾವಣಿಯನ್ನು ಮುಟ್ಟುತ್ತದೆ; ಅಲ್ಲಿ ಹೊರದಾರಿ ಇಲ್ಲ. ಇರುವ ಒಂದೇ ದಾರಿ ನೆಲದಲ್ಲಿ, ಮಡಕೆಗಳ ಸಾಲುಗಳ ಅಡಿಯಲ್ಲಿ. ಅಲ್ಲಿಂದ ಹೊಗೆಗಾಲುವೆ ಚಿಮಣಿಗೆ ಸೇರುತ್ತದೆ. ಚಿಮಣಿಯೊಳಗಿನ ಬಿಸಿಗಾಳಿ ಹೊರಗಿನ ಗಾಳಿಗಿಂತ ಹಗುರವಾಗಿ ಮೇಲೇರುತ್ತ ಹಿಂದಿನದನ್ನು ಎಳೆಯುವುದರಿಂದ, ಕಮಾನಿನಡಿಯ ಜ್ವಾಲೆ ಮಡಕೆಗಳ ನಡುವಿನಿಂದ ಕೆಳಕ್ಕೆ ಇಳಿಯಬೇಕಾಗುತ್ತದೆ. ಬೆಂಕಿ ಇಲ್ಲಿ ಕೆಳಗಿಳಿಯುವುದು ಮೇಲೇರುವ ತನ್ನ ಸ್ವಭಾವದಿಂದಲೇ ಎಂಬುದು ಗಮನಿಸತಕ್ಕ ಮಾತು: ಚಿಮಣಿಯಲ್ಲಿ ಏರುವುದಕ್ಕೋಸ್ಕರ ಅದು ಆವಿಗೆಯಲ್ಲಿ ಇಳಿಯುತ್ತದೆ.

ಉಪ್ಪನ್ನು ಒಮ್ಮೆಗೇ ಹಾಕುವುದಿಲ್ಲ. ಸ್ವಲ್ಪ ಹಾಕಿ, ಚಿಮಣಿಯ ದಾರಿಯಲ್ಲಿರುವ ಡ್ಯಾಂಪರ್ ಎಂಬ ತಡೆಹಲಗೆಯನ್ನು ತುಸು ಮುಚ್ಚಿ, ಹಬೆ ಒಳಗೆ ಸುತ್ತಾಡಲು ಕೆಲವು ನಿಮಿಷ ಬಿಟ್ಟು, ಮತ್ತೆ ತೆರೆದು ಉರಿಯನ್ನು ಸರಿಪಡಿಸಿಕೊಂಡು, ಮತ್ತೆ ಉಪ್ಪು ಹಾಕುವ ಈ ಸರದಿ ಗಂಟೆಗಟ್ಟಲೆ ನಡೆಯುತ್ತದೆ. ನಡುನಡುವೆ ಕುಂಬಾರ ಇಣುಕುಕಿಂಡಿಯಿಂದ ಕಬ್ಬಿಣದ ಸರಳು ತೂರಿಸಿ, ಮೊದಲೇ ಅಲ್ಲಿಟ್ಟಿದ್ದ ಮಣ್ಣಿನ ಉಂಗುರವೊಂದನ್ನು ಹೊರಗೆಳೆದು ಅದರ ಮೇಲೆ ಗಾಜು ಎಷ್ಟು ದಪ್ಪ ಕಟ್ಟಿದೆ ಎಂದು ನೋಡುತ್ತಾನೆ. ತಾರ್ಕಿಕರ ಪರಿಭಾಷೆಯಲ್ಲಿ ಇದು ಪ್ರತ್ಯಕ್ಷವಲ್ಲ, ಅನುಮಾನ. ಕಾಣದ ಮಡಕೆಯನ್ನು ಕಂಡ ಉಂಗುರದಿಂದ ಊಹಿಸುವುದು. ಉಂಗುರ ದಪ್ಪವನ್ನು ಸರಿಯಾಗಿ ಹೇಳಿದರೂ ಬಣ್ಣವನ್ನು ಹೇಳದು, ಏಕೆಂದರೆ ಅದು ಥಟ್ಟನೆ ತಣಿದದ್ದು, ಮಡಕೆಗಳು ದಿನಗಟ್ಟಲೆ ತಣಿಯಬೇಕಾದವು. ತಡೆಗೋಡೆಯ ಪಕ್ಕದ ಮಡಕೆಗೆ ಹಬೆ ಹೆಚ್ಚು, ಮತ್ತೊಂದರ ಮರೆಯಲ್ಲಿ ನಿಂತದ್ದಕ್ಕೆ ಕಡಿಮೆ. ಒಂದೇ ಮಡಕೆಯಲ್ಲಿ ಉರಿಗೆ ಎದುರಾದ ಮೈ ಹೊಳೆದರೆ ಬೆನ್ನು ಬರಡಾಗಿ ಉಳಿಯುತ್ತದೆ. ಬಾಯಿ ಕಿರಿದಾದ ಜಾಡಿಯ ಒಳಕ್ಕೆ ಹಬೆ ಹೋಗುವುದೇ ಇಲ್ಲವಾದ್ದರಿಂದ ಒಳಮೈಗೆ ಮುಂಚೆಯೇ ಬೇರೆ ಲೇಪ ಕೊಟ್ಟಿರಬೇಕು. ನೆರೆಯ ಮಡಕೆಯ ನೆರಳು ಹೀಗೆ ಒಂದು ಮಡಕೆಯ ಮೈಮೇಲೆ ಶಾಶ್ವತವಾಗಿ ಅಚ್ಚಾಗುತ್ತದೆ.

ಈ ವಿಧಾನ ಹುಟ್ಟಿದ್ದು ಜರ್ಮನಿಯ ರೈನ್ ನದಿಯ ಸೀಮೆಯಲ್ಲಿ. 15ನೆಯ ಶತಮಾನದ ಹೊತ್ತಿಗೆ ಅಲ್ಲಿ ಬಳಕೆಗೆ ಬಂದು, ಮುಂದಿನ ಶತಮಾನದಲ್ಲಿ ಕಲೋನ್, ಫ್ರೆಚೆನ್, ರೇರೆನ್ ಮೊದಲಾದ ಊರುಗಳಲ್ಲಿ ಬೆಳೆಯಿತು. ಅಲ್ಲಿಂದ ಇಂಗ್ಲೆಂಡಿಗೆ ಹಡಗುಗಟ್ಟಲೆ ಹೋಗುತ್ತಿದ್ದ, ಕೊರಳಿನ ಮೇಲೆ ಗಡ್ಡದ ಮುಖವಿರುವ ಹೂಜಿಗಳನ್ನು ಪ್ರಾಟೆಸ್ಟೆಂಟರ ಕಡುವಿರೋಧಿಯಾಗಿದ್ದ ಕಾರ್ಡಿನಲ್ ಬೆಲಾರ್ಮಿನನ ಹೆಸರಿನಿಂದ ಗೇಲಿಯಾಗಿ ಕರೆಯುವುದು ವಾಡಿಕೆಯಾಯಿತು, ಆದರೆ ಆ ಮುಖ 1542ರಲ್ಲಿ ಹುಟ್ಟಿದ ಕಾರ್ಡಿನಲ್‌ಗಿಂತ ಹಳೆಯದು. 17ನೆಯ ಶತಮಾನದ ಇಂಗ್ಲೆಂಡಿನಲ್ಲಿ ಅದೇ ಹೂಜಿಗೆ ಮೂತ್ರ, ಕೂದಲು, ಸೂಜಿಗಳನ್ನು ತುಂಬಿ, ಮಾಟದ ಕಾಟ ತಟ್ಟದಿರಲೆಂದು ಒಲೆಯ ಕೆಳಗೆ ಹೂಳುತ್ತಿದ್ದರು. ಹಬೆಯೂ ಹೊಗದಷ್ಟು ಬಿಗಿಯಾದ ಪಾತ್ರೆ ಕೆಡುಕನ್ನೂ ಒಳಗೇ ಹಿಡಿದಿಟ್ಟೀತು ಎಂಬ ನಂಬಿಕೆಗೆ ಬೇರೆ ವ್ಯಾಖ್ಯಾನ ಬೇಕಿಲ್ಲ. ರಸಾಯನಜ್ಞ ರಾಬರ್ಟ್ ಬಾಯ್ಲನ ಬಳಿ ಕೆಲಸ ಮಾಡಿ, ಆಮೇಲೆ ಚೆಸ್ಟರ್ ಬಿಷಪ್‌ಪೀಠದ ದಫ್ತರು ನೋಡಿಕೊಂಡಿದ್ದ ಜಾನ್ ಡ್ವೈಟ್ ಎಂಬಾತ 1672ರಲ್ಲಿ ಸ್ಟೋನ್‌ವೇರ್ ತಯಾರಿಕೆಗೆ ಪೇಟೆಂಟ್ ಪಡೆದು ಫುಲ್‌ಹ್ಯಾಮಿನಲ್ಲಿ ಕುಂಬಾರಿಕೆ ನಡೆಸಿದ ಮೇಲೆ ಇದು ಇಂಗ್ಲಿಷರ ಕಸುಬೂ ಆಯಿತು.

ಈಗ ಪ್ರಶ್ನೆಯ ಮೊದಲ ಮಗ್ಗುಲಿಗೆ ಬರಬಹುದು. ನ್ಯಾಯಶಾಸ್ತ್ರದ ಪ್ರಕಾರ ಮಡಕೆಗೆ ಮಣ್ಣು ಸಮವಾಯಿ ಕಾರಣ, ಅಂದರೆ ಕಾರ್ಯದೊಳಗೆ ಉಳಿದುಕೊಳ್ಳುವ ಕಾರಣ. ಕುಂಬಾರ, ಕೋಲು, ತಿಗುರಿ ನಿಮಿತ್ತ ಕಾರಣಗಳು, ಅಂದರೆ ಕೆಲಸ ಮಾಡಿ ಹೊರಗುಳಿಯುವವು. ಇವೆರಡಕ್ಕೂ ಸೇರದೆ, ಕಾರ್ಯಕ್ಕೆ ಮೊದಲು ಇದ್ದರೂ ಕಾರಣವೆನಿಸದವುಗಳನ್ನು ಅನ್ಯಥಾಸಿದ್ಧ ಎಂದು ಬೇರ್ಪಡಿಸಲಾಗುತ್ತದೆ. 17ನೆಯ ಶತಮಾನದ ವಿಶ್ವನಾಥ ನ್ಯಾಯಪಂಚಾನನನ ಭಾಷಾಪರಿಚ್ಛೇದ ಎಂಬ ಗ್ರಂಥದಲ್ಲಿ ಇಂಥ ಐದನ್ನು ಎಣಿಸಲಾಗಿದೆ. ಅವುಗಳಲ್ಲಿ ಒಂದು ಕುಂಬಾರನ ತಂದೆ, ಇನ್ನೊಂದು ಮಣ್ಣು ಹೊತ್ತು ತಂದ ಕತ್ತೆ. ತಂದೆಯಿಲ್ಲದೆ ಕುಂಬಾರನಿಲ್ಲ, ಆದರೆ ಮಡಕೆ ಮಾಡಿದ್ದು ಕುಂಬಾರನಾಗಿಯೇ ಹೊರತು ಮಗನಾಗಿ ಅಲ್ಲ. ಕತ್ತೆಯಿಲ್ಲದೆಯೂ ಮಣ್ಣು ತಲೆಹೊರೆಯಲ್ಲಿ ಬರಬಹುದಿತ್ತು. ತರ್ಕದ ಪಾಠಶಾಲೆಗಳಲ್ಲಿ ತಲೆಮಾರುಗಳಿಂದ ನಗೆಯುಕ್ಕಿಸಿರಬಹುದಾದ ಈ ಕತ್ತೆಯನ್ನು ಇಲ್ಲಿ ನೆನಪಿಟ್ಟುಕೊಳ್ಳಬೇಕು. ಅದು ಮತ್ತೆ ಬರುತ್ತದೆ.

ಉಪ್ಪು ಈ ವಿಂಗಡಣೆಯಲ್ಲಿ ಎಲ್ಲಿ ನಿಲ್ಲುತ್ತದೆ? ಅದರ ಸೋಡಿಯಂ ಗಾಜಿನಲ್ಲಿ ಉಳಿಯುವುದರಿಂದ ಸಮವಾಯಿ. ಮಣ್ಣನ್ನು ಕರಗಿಸುವ ಪ್ರಚೋದಕವಾದ್ದರಿಂದ ನಿಮಿತ್ತದ ಗುಣವೂ ಅದಕ್ಕಿದೆ. ಅದರ ಕ್ಲೋರಿನ್ ಸೋಡಿಯಂ ಅನ್ನು ಹಬೆಯಾಗಿ ಹೊತ್ತು ತಂದು ಮಡಕೆಯ ಬಾಗಿಲಲ್ಲಿ ಇಳಿಸಿ ಹೊರಟುಹೋಗುವುದರಿಂದ, ಮೇಲುನೋಟಕ್ಕೆ, ಕತ್ತೆ. ಒಂದು ಹಿಡಿ ವಸ್ತುವಿನಲ್ಲಿ ಮೂರು ಬಗೆಯ ಸಂಬಂಧಗಳು ಸೇರಿಕೊಂಡಿರುವುದನ್ನು ಹಳೆಯ ತಾರ್ಕಿಕರು ದೋಷವೆಂದು ಬಗೆಯುತ್ತಿರಲಿಲ್ಲ. ಯಾವ ಕಾರ್ಯವನ್ನು ಕುರಿತು ಮಾತು ಎಂಬುದನ್ನು ಮೊದಲು ಗೊತ್ತುಮಾಡಿ ಎಂದು ಕೇಳುತ್ತಿದ್ದರು. ಆ ಕೇಳಿಕೆ ಕೊನೆಯವರೆಗೂ ಈ ಚರ್ಚೆಯನ್ನು ಬಿಡುವುದಿಲ್ಲ.

ಆವಿಗೆಯೊಳಗಿನ ಬದಲಾವಣೆಯನ್ನೇ ಕುರಿತು ನ್ಯಾಯ ಮತ್ತು ವೈಶೇಷಿಕ ದರ್ಶನಗಳ ನಡುವೆ ಒಂದು ಪ್ರಸಿದ್ಧ ವಾದವಿದೆ. ಕಪ್ಪಗಿದ್ದ ಹಸಿಮಡಕೆ ಬೆಂದು ಕೆಂಪಾಗುವಾಗ ಬದಲಾಗುವುದು ಏನು? ವೈಶೇಷಿಕರ ಪೀಲುಪಾಕ ವಾದದಂತೆ ಬೇಯುವುದು ಪರಮಾಣುಗಳೇ: ಬೆಂಕಿ ಒಳಹೊಕ್ಕು ಮಡಕೆಯನ್ನು ಪರಮಾಣುಗಳವರೆಗೆ ಬಿಡಿಸುತ್ತದೆ, ಅವು ಕೆಂಪಾಗಿ ಮತ್ತೆ ಕೂಡಿ ಹೊಸ ಮಡಕೆಯಾಗುತ್ತವೆ, ಇದೆಲ್ಲ ಕಣ್ಣಿಗೆ ಸಿಗದಷ್ಟು ವೇಗದಲ್ಲಿ ನಡೆಯುವುದರಿಂದ ಅದೇ ಮಡಕೆ ಎಂದು ಜನ ಭ್ರಮಿಸುತ್ತಾರೆ. ನೈಯಾಯಿಕರ ಪಿಠರಪಾಕ ವಾದದಂತೆ ಬೇಯುವುದು ಇಡೀ ಮಡಕೆ: ಅದು ಒಡೆಯುವುದಿಲ್ಲ, ಅದರ ಸೂಕ್ಷ್ಮರಂಧ್ರಗಳಲ್ಲಿ ಬೆಂಕಿ ನುಗ್ಗಿ ಬಣ್ಣವನ್ನಷ್ಟೇ ಬದಲಿಸುತ್ತದೆ, ಇಲ್ಲವಾದರೆ ಅದರ ಮೇಲೆ ಪೇರಿಸಿಟ್ಟ ಇತರ ಮಡಕೆಗಳು ಕುಸಿದುಬೀಳಬೇಕಿತ್ತು. ಈ ಕೊನೆಯ ಆಕ್ಷೇಪದಲ್ಲಿ ಆವಿಗೆ ಕಂಡವರ ಅನುಭವವಿದೆ. ಉಪ್ಪುಮೆರುಗಿನ ಮಡಕೆಯನ್ನು ಇವರಿಬ್ಬರ ಮುಂದಿಟ್ಟರೆ ಇಬ್ಬರೂ ತಮಗೆ ಗೆಲುವೆಂದು ಹೇಳಬಹುದು. ಕೂದಲೆಳೆಯಷ್ಟು ದಪ್ಪದ ಹೊರಪದರದಲ್ಲಿ ಹಳೆಯ ಮಣ್ಣು ನಿಜಕ್ಕೂ ಬಿಡಿಬಿಡಿಯಾಗಿ ಕರಗಿ, ಬೇರೆ ಕೂಟವಾಗಿ ಮರುಹುಟ್ಟು ಪಡೆದಿದೆ. ಅದರ ಕೆಳಗಿನ ಗೋಡೆ ತನ್ನ ಆಕಾರವನ್ನು ಕಳೆದುಕೊಳ್ಳದೆ ಮೇಲಿನ ಸಾಲಿನ ಭಾರ ಹೊತ್ತು ನಿಂತಿದೆ. ವೈಶೇಷಿಕರ ಪರಮಾಣುವಿಗೂ ಇಂದಿನ ವಿಜ್ಞಾನದ ಅಣುವಿಗೂ ಹೆಸರಿನ ಹೋಲಿಕೆಯಷ್ಟೇ ಇರುವುದರಿಂದ, ಪೂರ್ವಿಕರು ಇದನ್ನೆಲ್ಲ ಮೊದಲೇ ಕಂಡಿದ್ದರು ಎಂಬ ಹೆಮ್ಮೆಗೆ ಇಲ್ಲಿ ಆಸ್ಪದವಿಲ್ಲ. ಅವರು ಕಂಡದ್ದು ಒಂದು ತೊಡಕನ್ನು: ಬದಲಾದದ್ದನ್ನು ಅದೇ ಎಂದು ಕರೆಯುವ ಹಕ್ಕು ಎಲ್ಲಿಯವರೆಗೆ ಉಳಿಯುತ್ತದೆ ಎಂಬುದನ್ನು.

ಛಾಂದೋಗ್ಯ ಉಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಮಣ್ಣೂ ಉಪ್ಪೂ ಎರಡೂ ಬರುತ್ತವೆ ಎಂಬುದು ಈ ಸಂದರ್ಭದಲ್ಲಿ ಗಮನಾರ್ಹ. ಉದ್ದಾಲಕ ಆರುಣಿ ತನ್ನ ಮಗ ಶ್ವೇತಕೇತುವಿಗೆ ಮೊದಲು ಮಣ್ಣಿನ ಮುದ್ದೆಯನ್ನು ತೋರಿಸಿ, ಅದರಿಂದಾದ ಪಾತ್ರೆಗಳೆಲ್ಲ ಹೆಸರಿನ ಭೇದವೆಂದೂ ಮಣ್ಣೊಂದೇ ಸತ್ಯವೆಂದೂ ವಿವರಿಸುತ್ತಾನೆ. ಮುಂದೆ ರಾತ್ರಿ ನೀರಿಗೆ ಹಾಕಿಸಿದ ಉಪ್ಪನ್ನು ಬೆಳಿಗ್ಗೆ ಹುಡುಕಿಸಿ, ಕಾಣದಿದ್ದರೂ ನೀರಿನ ಮೇಲೆ, ನಡುವೆ, ತಳದಲ್ಲಿ ಒಂದೇ ರುಚಿಯಾಗಿ ಅದು ವ್ಯಾಪಿಸಿರುವುದನ್ನು ಅರಿವಿಗೆ ತರುತ್ತಾನೆ. ಎರಡೂ ದೃಷ್ಟಾಂತಗಳು ಹಿಂತಿರುಗುವಿಕೆಯ ಸಾಧ್ಯತೆಯ ಮೇಲೆ ನಿಂತಿವೆ: ಹಸಿಮಡಕೆಯನ್ನು ನೆನೆಸಿದರೆ ಮತ್ತೆ ಮಣ್ಣು, ನೀರನ್ನು ಆರಿಸಿದರೆ ಮತ್ತೆ ಉಪ್ಪು. ಆವಿಗೆ ಈ ಎರಡು ದಾರಿಗಳನ್ನೂ ಮುಚ್ಚುತ್ತದೆ. ಸುಟ್ಟ ಮಡಕೆ ಒಡೆದರೆ ಬೋಕಿಯಾಗುತ್ತದೆ, ಮಿದ್ದು ಮತ್ತೆ ತಿಗುರಿಗೇರಿಸುವ ಮಣ್ಣಾಗುವುದಿಲ್ಲ. ಅಲ್ಲಿ ಹೋದ ಉಪ್ಪನ್ನು ನಾಲಿಗೆಯಿಂದ ಹುಡುಕಿದರೂ ರುಚಿ ಸಿಗುವುದಿಲ್ಲ, ಏಕೆಂದರೆ ಉಪ್ಪಾಗಿ ಅದು ಉಳಿದೇ ಇಲ್ಲ. ಬೋಕಿಯೂ ಪೃಥಿವಿಯೇ, ಗಾಜೂ ಪೃಥಿವಿಯೇ ಎಂದು ಅದ್ವೈತಿ ಉತ್ತರಿಸಬಹುದು, ಆ ಉತ್ತರ ತನ್ನ ಮಟ್ಟದಲ್ಲಿ ಸರಿಯೂ ಹೌದು. ಆದರೂ ಹಿಂತಿರುಗಲಾಗದ ಮಾರ್ಪಾಡೊಂದು ಲೋಕದಲ್ಲಿದೆ ಎಂಬುದನ್ನು ಒಪ್ಪಿದೊಡನೆ, ಅದನ್ನು ನಡೆಸಿದವರು ಯಾರು ಎಂಬ ಪ್ರಶ್ನೆಗೆ ತೂಕ ಬರುತ್ತದೆ. ಹಿಂದಕ್ಕೆ ತರಬಹುದಾದದ್ದಕ್ಕೆ ಯಾರೂ ಲೆಕ್ಕ ಕೇಳುವುದಿಲ್ಲ.

ಕರ್ತೃವನ್ನು ಗುರುತಿಸುವ ಕೆಲಸಕ್ಕೆ ವೈಯಾಕರಣರು ಕೊಟ್ಟ ಸಲಕರಣೆ ಬಹಳ ಸೂಕ್ಷ್ಮವಾದುದು. ಅಡುಗೆಯ ಉದಾಹರಣೆ ತೆಗೆದುಕೊಂಡು ಪತಂಜಲಿಯ ಮಹಾಭಾಷ್ಯ ತೋರಿಸುವುದೇನೆಂದರೆ, ದೇವದತ್ತ ಬೇಯಿಸುತ್ತಾನೆ ಎಂಬಂತೆಯೇ ಸೌದೆ ಬೇಯಿಸುತ್ತದೆ, ಪಾತ್ರೆ ಬೇಯಿಸುತ್ತದೆ ಎಂದೂ ಹೇಳಬಹುದು. ಉರಿಯುವುದು ಸೌದೆಯ ಸ್ವಂತ ಕ್ರಿಯೆ, ಒಳಗಿಟ್ಟುಕೊಂಡಿರುವುದು ಪಾತ್ರೆಯ ಸ್ವಂತ ಕ್ರಿಯೆ, ಆಯಾ ಕ್ರಿಯೆಗೆ ಆಯಾ ವಸ್ತುವೇ ಸ್ವತಂತ್ರ. ಯಾರನ್ನು ಕರ್ತೃಸ್ಥಾನದಲ್ಲಿ ಕೂರಿಸಬೇಕೆಂಬುದು ಹೇಳುವವನ ವಿವಕ್ಷೆ, ಅಂದರೆ ಅವನು ಒತ್ತಿ ಹೇಳಬಯಸುವ ಸಂಗತಿ. ಉಪ್ಪಿನ ಆವಿಗೆಗೆ ಇದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದುತ್ತದೆ: ಆವಿಗೆ ಹೊಳಪು ಕೊಟ್ಟಿತು, ಉಪ್ಪು ಹೊಳಪು ಕೊಟ್ಟಿತು, ಚಿಮಣಿಯ ಸೆಳೆತ ಹೊಳಪು ಕೊಟ್ಟಿತು ಎಂಬ ಮೂರೂ ಮಾತುಗಳು ಅಲಂಕಾರದ ಮಾತುಗಳಲ್ಲ.

ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯ ಇದೇ ಎಣಿಕೆಯನ್ನು ನೀತಿಯ ಕ್ಷೇತ್ರಕ್ಕೆ ತರುತ್ತದೆ. ಯಾವುದೇ ಕರ್ಮಕ್ಕೆ ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ದೈವ ಎಂಬ ಐದು ಕಾರಣಗಳಿವೆಯೆಂದೂ, ಹೀಗಿರುವಾಗ ತಾನೊಬ್ಬನೇ ಮಾಡಿದೆನೆಂದು ತಿಳಿಯುವವನ ತಿಳಿವು ಕೆಟ್ಟದ್ದೆಂದೂ ಅಲ್ಲಿ ಹೇಳಲಾಗಿದೆ. ಅಧಿಷ್ಠಾನವೆಂದರೆ ಕರ್ಮ ನೆಲೆಗೊಳ್ಳುವ ಜಾಗ. ಭಾಷ್ಯಕಾರರು ಅದನ್ನು ದೇಹವೆಂದು ಅರ್ಥೈಸುತ್ತಾರೆ. ಆವಿಗೆಯ ಸಂದರ್ಭದಲ್ಲಿ ಅದು ಇಟ್ಟಿಗೆಯ ಆ ಕೋಣೆ. ಕರಣಗಳು ಉಪ್ಪು, ಸೌದೆ, ಡ್ಯಾಂಪರ್. ಚೇಷ್ಟೆ ಜ್ವಾಲೆಯ ಏರಿಳಿತ. ಐದನೆಯದಾದ ದೈವದ ಬಗ್ಗೆ ಆಚಾರ್ಯರಲ್ಲಿ ಒಮ್ಮತವಿಲ್ಲ: ಶಂಕರರಿಗೆ ಅದು ಇಂದ್ರಿಯಗಳಿಗೆ ಅನುಗ್ರಹ ಮಾಡುವ ಆದಿತ್ಯಾದಿ ದೇವತೆಗಳು, ರಾಮಾನುಜರಿಗೆ ಅಂತರ್ಯಾಮಿಯಾದ ಪರಮಾತ್ಮನೇ. ಆಧುನಿಕ ಓದುಗರು ಇದನ್ನು ಆಕಸ್ಮಿಕ ಎಂದು ಓದಿಕೊಳ್ಳಲು ಹವಣಿಸುತ್ತಾರೆ, ಆದರೆ ಆ ಓದು ದುರ್ಬಲ. ಉಪ್ಪಿನ ಆವಿಗೆಯಲ್ಲಿ ನಿಯಮ ಮೀರಿ ನಡೆಯುವುದು ಯಾವುದೂ ಇಲ್ಲ. ಮಡಕೆಯ ಬೆನ್ನಿನ ಬರಡುಮಚ್ಚೆಗೂ ಕಾರಣ ಹೇಳಬಹುದು. ನಿಯಮಕ್ಕೆ ಒಳಪಟ್ಟಿದ್ದೂ ಯಾರ ಇಚ್ಛೆಗೂ ಒಳಪಡದ ಭಾಗವೊಂದು ಪ್ರತಿ ಕರ್ಮದಲ್ಲಿಯೂ ಇರುತ್ತದೆ, ದೈವವೆಂಬುದು ಆ ಭಾಗದ ಹೆಸರು ಎಂದು ತಿಳಿಯುವುದು ಹೆಚ್ಚು ಸರಿ; ಅದು ಅಜ್ಞಾನಕ್ಕೆ ಇಟ್ಟ ಹೆಸರಾಗಿದ್ದರೆ ರಸಾಯನಶಾಸ್ತ್ರ ಬೆಳೆದಷ್ಟೂ ಕುಗ್ಗಬೇಕಿತ್ತು.

20ನೆಯ ಶತಮಾನದಲ್ಲಿ ಈ ಭಾಗಕ್ಕೇ ಒಂದು ಧರ್ಮಶಾಸ್ತ್ರವನ್ನು ಕಟ್ಟಿಕೊಟ್ಟವನು ಜಪಾನಿನ ಚಿಂತಕ ಯನಾಗಿ ಸೋಎತ್ಸು (1889–1961). 1925ರಲ್ಲಿ ಹಮಾದಾ ಶೋಜಿ, ಕವಾಯ್ ಕಂಜಿರೊ ಎಂಬ ಕುಂಬಾರರೊಡನೆ ಸೇರಿ ಅವನು ಮಿಂಗೆಯ್, ಅಂದರೆ ಜನಸಾಮಾನ್ಯರ ಕಲೆ, ಎಂಬ ಪದವನ್ನು ರೂಪಿಸಿದ. ಹಮಾದಾ 1950ರ ದಶಕದಲ್ಲಿ ಮಶಿಕೊ ಎಂಬ ತನ್ನ ಊರಿನಲ್ಲಿ ಉಪ್ಪುಮೆರುಗನ್ನು ಕೈಗೆತ್ತಿಕೊಂಡವನೂ ಹೌದು. ಯನಾಗಿಯ ವಾದದ ಬೇರು 12 ಮತ್ತು 13ನೆಯ ಶತಮಾನಗಳಲ್ಲಿ ಹೋನೆನ್ ಹಾಗೂ ಶಿನ್‌ರಾನ್ ಬೋಧಿಸಿದ ಸುಖಾವತೀ ಬೌದ್ಧಮತದಲ್ಲಿದೆ. ಆ ಮತ ಸ್ವಶಕ್ತಿಯನ್ನು ಜಿರಿಕಿ ಎಂದೂ ಪರಶಕ್ತಿಯನ್ನು ತಾರಿಕಿ ಎಂದೂ ಕರೆದು, ಮುಕ್ತಿ ಸಾಧಕನ ಪ್ರಯತ್ನದಿಂದಲ್ಲ, ಅಮಿತಾಭ ಬುದ್ಧನ ಸಂಕಲ್ಪದಿಂದ ಎಂದು ಸಾರುತ್ತದೆ. ಅಮಿತಾಭನ 48 ಸಂಕಲ್ಪಗಳಲ್ಲಿ ನಾಲ್ಕನೆಯದು ತನ್ನ ನೆಲೆಯಲ್ಲಿ ಸುಂದರ, ಕುರೂಪ ಎಂಬ ಭೇದ ಇರದು ಎಂಬುದಾಗಿದೆ. ಇದನ್ನೇ ಆಧರಿಸಿ ಯನಾಗಿ, ಹೆಸರಿಲ್ಲದ ಕುಶಲಕರ್ಮಿಯ ಪಾತ್ರೆಯಲ್ಲಿ ಮೂಡುವ ಚೆಲುವು ಅವನ ಪ್ರತಿಭೆಯದಲ್ಲ, ಮಣ್ಣು, ಬೆಂಕಿ, ಸಂಪ್ರದಾಯಗಳಿಗೆ ಅವನು ತನ್ನನ್ನು ಬಿಟ್ಟುಕೊಟ್ಟದ್ದರ ಫಲ ಎಂದ. ಕನ್ನಡದ ಓದುಗರಿಗೆ ಇದು ಶ್ರೀವೈಷ್ಣವರ ಹಳೆಯ ವಾದವನ್ನು ನೆನಪಿಸುತ್ತದೆ: ತಾಯಿಯನ್ನು ತಾನೇ ಅವಚಿಕೊಳ್ಳುವ ಮಂಗನ ಮರಿಯಂತೆ ಜೀವ ಯತ್ನಿಸಬೇಕೆಂದು ವಡಗಲೈಯವರು, ತಾಯಿ ಕಚ್ಚಿ ಒಯ್ಯುವ ಬೆಕ್ಕಿನ ಮರಿಯಂತೆ ಇದ್ದರೆ ಸಾಕೆಂದು ತೆಂಗಲೈಯವರು.

ಯನಾಗಿಯ ಕಣ್ಣಿನಿಂದ ನೋಡಿದರೆ ಉಪ್ಪಿನ ಆವಿಗೆ ತಾರಿಕಿಯ ಪರಮ ನಿದರ್ಶನವೆನಿಸಬೇಕು, ಮತ್ತು ಅನೇಕ ಕುಂಬಾರರು ಹಾಗೆಯೇ ಮಾತಾಡುತ್ತಾರೆ: ಆವಿಗೆ ಕೊಟ್ಟದ್ದನ್ನು ಸ್ವೀಕರಿಸುವುದಷ್ಟೇ ತಮ್ಮ ಕೆಲಸ ಎಂದು. ಈ ವಿನಯದಲ್ಲಿ ಸತ್ಯವಿದೆ, ಆದರೆ ಅರ್ಧ. ಇಳಿಜ್ವಾಲೆಯ ಆವಿಗೆ ಬೆಟ್ಟದಲ್ಲಿ ಸಿಕ್ಕ ಗುಹೆಯಲ್ಲ. ತಡೆಗೋಡೆಯ ಎತ್ತರ, ನೆಲದ ಕಿಂಡಿಗಳ ಅಗಲ, ಚಿಮಣಿಯ ಉದ್ದ ಎಲ್ಲವನ್ನೂ ಲೆಕ್ಕ ಹಾಕಿ ಕಟ್ಟಿದ್ದು. ಬೆಂಕಿಯನ್ನು ಅದರ ಸ್ವಭಾವದಿಂದಲೇ ಅದರ ಸ್ವಭಾವಕ್ಕೆ ಎದುರಾಗಿ ಇಳಿಸುವ ಈ ಕಟ್ಟಡದಲ್ಲಿ, ಮಡಕೆಯಿಂದ ಹಿಂತೆಗೆದ ಕೈ ಅಧಿಷ್ಠಾನಕ್ಕೆ ಸ್ಥಳಾಂತರಗೊಂಡಿದೆ. ಬೆಕ್ಕಿನ ಮರಿ ಸುಮ್ಮನಿದೆ ನಿಜ, ಆದರೆ ಬೆಕ್ಕು ಬರುವ ದಾರಿಯನ್ನು ಇಟ್ಟಿಗೆ ಇಟ್ಟು ಕಟ್ಟಿದವರಾರು ಎಂದು ಕೇಳಬೇಕಾಗುತ್ತದೆ. ಜೊತೆಗೆ, ಹೆಸರಿಲ್ಲದ ಕುಶಲಕರ್ಮಿಯ ಅಹಂಕಾರಶೂನ್ಯತೆಯನ್ನು ಕೊಂಡಾಡಿ ಬರೆದವನು ಹೆಸರುಳ್ಳ ವಿದ್ವಾಂಸ. ಆ ಕರ್ಮಿಯನ್ನು ಕೇಳಿ ಬರೆದದ್ದಲ್ಲ.

ಶರಣಾಗತಿಯ ಭಾಷೆ ತಡವರಿಸುವುದು ಚಿಮಣಿಯ ಬಾಯಲ್ಲಿ. 18ನೆಯ ಶತಮಾನದಲ್ಲಿ ಇಂಗ್ಲೆಂಡಿನ ಸ್ಟ್ಯಾಫರ್ಡ್‌ಶೈರ್ ಬಿಳಿಯ ಉಪ್ಪುಮೆರುಗಿನ ಪಾತ್ರೆಗಳಿಗೆ ಹೆಸರಾಗಿತ್ತು. ಆ ಸೀಮೆಯ ಕುಂಬಾರಿಕೆಯ ಚರಿತ್ರೆಯನ್ನು 1829ರಲ್ಲಿ ಬರೆದ ಸಿಮಿಯೋನ್ ಶಾ, ಬರ್ಸ್ಲೆಮ್ ಊರಿನಲ್ಲಿ ಶನಿವಾರ ಬೆಳಿಗ್ಗೆ ಎಂಟರಿಂದ ಹನ್ನೆರಡರವರೆಗೆ ಆವಿಗೆಗಳಿಂದ ಹೊರಟ ದಟ್ಟ ಬಿಳಿಮೋಡ ಊರನ್ನೇ ಮುಚ್ಚಿ, ಜನ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಿದ್ದುದನ್ನೂ ದಾರಿಹೋಕರು ದಾರಿ ತಪ್ಪುತ್ತಿದ್ದುದನ್ನೂ ದಾಖಲಿಸಿದ್ದಾನೆ. ಲಂಡನ್ನಿನ ಲ್ಯಾಂಬೆತ್‌ನಲ್ಲಿ ಹೆನ್ರಿ ಡೌಲ್ಟನ್ 1846ರಲ್ಲಿ ಉಪ್ಪುಮೆರುಗಿನ ಚರಂಡಿ ಪೈಪುಗಳ ಕಾರ್ಖಾನೆ ತೆರೆದ. ಥೇಮ್ಸ್ ನದಿಯ ದುರ್ನಾತಕ್ಕೆ 1858ರಲ್ಲಿ ನಗರವೇ ತತ್ತರಿಸಿದ ಮೇಲೆ ಇಂಥ ಪೈಪುಗಳ ಬೆಲೆ ಎಲ್ಲರಿಗೂ ಅರ್ಥವಾಯಿತು. ಕಾಲರಾದಂಥ ರೋಗಗಳಿಂದ ನಗರಗಳನ್ನು ಕಾಯುವಲ್ಲಿ ಆಮ್ಲಕ್ಕೂ ಕೊಳಕಿಗೂ ಜಗ್ಗದ ಆ ಕಂದುಗಾಜಿನ ಪಾಲು ಸಣ್ಣದಲ್ಲ. ಅದೇ ಗಾಜು ಹುಟ್ಟುವಾಗ ಹೊರಟ ಆಮ್ಲದ ಹೊಗೆ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪರ ಲ್ಯಾಂಬೆತ್ ಅರಮನೆಯಿರುವ ಬಡಾವಣೆಯ ಗಾಳಿಯಲ್ಲೇ ಬೆರೆಯುತ್ತಿತ್ತು. 1956ರಲ್ಲಿ ಬ್ರಿಟನ್ನಿನಲ್ಲಿ ಶುದ್ಧವಾಯು ಕಾಯಿದೆ ಬಂತು. ಲ್ಯಾಂಬೆತ್‌ನ ಆ ಕಾರ್ಖಾನೆ ಮುಚ್ಚಿದ್ದೂ ಅದೇ ವರ್ಷ.

ಇಲ್ಲಿಗೆ ಕತ್ತೆ ಮರಳಿ ಬರುತ್ತದೆ. ಮಡಕೆಯ ಹೊಳಪೆಂಬ ಕಾರ್ಯವನ್ನಷ್ಟೇ ಎದುರಿಟ್ಟುಕೊಂಡರೆ ಕ್ಲೋರಿನ್ ಸುಮ್ಮನೆ ಹೊರೆ ಹೊತ್ತದ್ದು, ಲೆಕ್ಕಕ್ಕಿಲ್ಲದ್ದು; ಊರಿನ ಗಾಳಿಯೆಂಬ ಕಾರ್ಯವನ್ನು ಎದುರಿಟ್ಟುಕೊಂಡರೆ ಅದೇ ಮುಖ್ಯ ಕಾರಣ, ಮಡಕೆಯೇ ಕತ್ತೆ. ಅನ್ಯಥಾಸಿದ್ಧವೆಂಬ ತೀರ್ಪು ವಸ್ತುವಿನ ಮೇಲೆ ಅಲ್ಲ, ಆರಿಸಿಕೊಂಡ ಕಾರ್ಯದ ಮೇಲೆ ನಿಂತದ್ದು ಎಂಬ ತಾರ್ಕಿಕರ ಎಚ್ಚರಿಕೆಗೆ ನೀತಿಯ ತೂಕವಿರುವುದು ಇಲ್ಲಿ ಕಾಣುತ್ತದೆ. ಹೊಳಪು ನನ್ನದಲ್ಲ, ಆವಿಗೆಯದು ಎಂದು ಹೇಳುವ ಕುಂಬಾರ ಅದೇ ಉಸಿರಿನಲ್ಲಿ ಹೊಗೆಯೂ ನನ್ನದಲ್ಲ ಎಂದರೆ ಆ ವಿನಯವನ್ನು ಯಾರೂ ಮೆಚ್ಚಲಾರರು. ಗೀತೆಯ ಅದೇ ಪ್ರಕರಣದಲ್ಲಿ, ನಾನು ಮಾಡಿದೆನೆಂಬ ಭಾವವಿಲ್ಲದವನು ಕೊಂದರೂ ಕೊಂದವನಲ್ಲ ಎಂಬ ಅರ್ಥದ ಮಾತು ಮುಂದೆ ಬರುತ್ತದೆ. ಅದನ್ನು ಹಿಂದಿನ ಐದು ಕಾರಣಗಳ ಎಣಿಕೆಯಿಂದ ಕಿತ್ತು ಓದಿದರೆ ಎಂಥ ಚಿಮಣಿಗೂ ಅದು ರಹದಾರಿಯಾಗಬಲ್ಲದು. ಎಣಿಕೆಯೊಡನೆ ಓದಿದರೆ ಹಾಗಲ್ಲ: ಐದರಲ್ಲಿ ಕರ್ತೃವೂ ಒಂದು, ಅವನ ಪಾಲು ಐದನೆಯ ಒಂದೆಂದು ಹೇಳಬಹುದೇ ಹೊರತು ಸೊನ್ನೆಯೆಂದಲ್ಲ. ಹೊಳಪಿನ ಹೊಗಳಿಕೆಯನ್ನು ಐವರಿಗೆ ಹಂಚುವುದು ಸುಲಭ. ಹೊಗೆಯ ಹೊಣೆಯನ್ನು ಹಾಗೆ ಹಂಚಲು ಹೋದರೆ ಉಳಿದ ನಾಲ್ವರು, ಇಟ್ಟಿಗೆಯಾಗಲಿ ಉಪ್ಪಾಗಲಿ ಜ್ವಾಲೆಯಾಗಲಿ ದೈವವಾಗಲಿ, ನ್ಯಾಯಾಲಯಕ್ಕೆ ಬರುವುದಿಲ್ಲ.

ಆವಿಗೆಯಂತೂ ತನ್ನ ಪಾಲನ್ನು ಮೈಮೇಲೆ ಹೊತ್ತಿರುತ್ತದೆ. ಹಬೆಗೆ ಮಡಕೆ ಯಾವುದು, ಗೋಡೆ ಯಾವುದು ಎಂಬ ಭೇದವಿಲ್ಲವಾದ್ದರಿಂದ ಇಟ್ಟಿಗೆಗಳ ಒಳಮೈಯೂ ಸುಡುವಿಕೆಯಿಂದ ಸುಡುವಿಕೆಗೆ ಗಾಜು ಕಟ್ಟಿಕೊಳ್ಳುತ್ತ ಹೋಗುತ್ತದೆ, ಕಮಾನಿನಿಂದ ಗಾಜಿನ ಹನಿಗಳು ಜಿನುಗುವುದೂ ಉಂಟು. ಹೊಸ ಆವಿಗೆ ಮೊದಮೊದಲು ಉಪ್ಪನ್ನು ತಾನೇ ನುಂಗುತ್ತದೆ. ಹಳತಾದಂತೆ ಕಡಿಮೆ ಉಪ್ಪಿಗೇ ಮಡಕೆಗಳು ಹೊಳೆಯುತ್ತವೆ, ಏಕೆಂದರೆ ಹಿಂದಿನ ಸಲಗಳ ಶೇಷವೂ ಕಾದು ಹಬೆಯಾಗುತ್ತದೆ. ಒಮ್ಮೆ ಉಪ್ಪುಂಡ ಆವಿಗೆಯಲ್ಲಿ ಆಮೇಲೆ ಮೆರುಗಿಲ್ಲದ ಪಾತ್ರೆಯನ್ನು ಮೆರುಗಿಲ್ಲದೆ ಸುಡಲಾಗುವುದಿಲ್ಲ. ಹಿಂದಿನ ಕರ್ಮಗಳು ಉಳಿಸಿಹೋಗುವ, ಮುಂದಿನ ಕರ್ಮಗಳಿಗೆ ಬಣ್ಣ ಹಚ್ಚುವ ಈ ಶೇಷವನ್ನು ಸಂಸ್ಕಾರವೆಂದು ಕರೆದರೆ ಶಾಸ್ತ್ರಕಾರರು ತಕರಾರು ಎತ್ತಲಾರರು.

ಹೊಗೆ ಎಷ್ಟು ಕೆಟ್ಟದ್ದು ಎಂಬ ಬಗ್ಗೆ ಕುಂಬಾರರಲ್ಲಿ ಇಂದಿಗೂ ಭಿನ್ನಾಭಿಪ್ರಾಯವಿದೆ. ಅದನ್ನು ಕೆಟ್ಟದ್ದೆಂದೇ ಬಗೆದವರು 1970ರ ದಶಕದಿಂದೀಚೆಗೆ ಉಪ್ಪಿನ ಬದಲು ಸೋಡವನ್ನು, ಅಂದರೆ ಸೋಡಿಯಂ ಕಾರ್ಬೊನೇಟನ್ನೋ ಅಡುಗೆ ಸೋಡವನ್ನೋ ಬಳಸತೊಡಗಿದರು. ಇದರಲ್ಲಿ ಕ್ಲೋರಿನ್ ಇಲ್ಲವಾದ್ದರಿಂದ ಆಮ್ಲದ ಹೊಗೆಯಿಲ್ಲ. ಚಿಮಣಿಯಿಂದ ಹೊರಡುವುದು ಇಂಗಾಲದ ಡೈಆಕ್ಸೈಡೂ ನೀರಾವಿಯೂ. ಆದರೆ ಉಪ್ಪು ಆವಿಗೆಯ ಮೂಲೆಮೂಲೆಗೂ ಹಬ್ಬುತ್ತಿದ್ದುದು ಅದರ ಹಬೆಯಾಗುವ ಗುಣದಿಂದ, ಆ ಗುಣ ಬಂದಿದ್ದುದು ಕ್ಲೋರಿನ್ನಿನ ಜೊತೆಯಿಂದ. ಕತ್ತೆ ಬರೀ ಕತ್ತೆಯಾಗಿರಲಿಲ್ಲ. ಸೋಡ ಅಷ್ಟು ಸಲೀಸಾಗಿ ಹಬೆಯಾಗದು, ಬಿದ್ದಲ್ಲೇ ಉಳಿಯಲು ನೋಡುತ್ತದೆ. ಆದ್ದರಿಂದ ಈಗಿನ ಕುಂಬಾರ ಅದನ್ನು ಬಿಸಿನೀರಿನಲ್ಲಿ ಕರಗಿಸಿ, ಆವಿಗೆಯ ಗೋಡೆಯಲ್ಲಿ ಹಲವು ಕಡೆ ಕಿಂಡಿ ಬಿಟ್ಟು, ಒಂದೊಂದು ಕಿಂಡಿಗೂ ಸಿಂಪಡಣೆಯ ಕೊಳವೆ ತೂರಿಸಿ, ಯಾವ ಸಾಲಿಗೆ ಎಷ್ಟು, ಯಾವ ಮಡಕೆಯ ಯಾವ ಮಗ್ಗುಲಿಗೆ ಎಷ್ಟು ಎಂದು ತಾನೇ ಗುರಿಯಿಟ್ಟು ಎರಚಬೇಕಾಗಿದೆ.